ಡಜನ್ ಹೆಂಗ?

ಬೈಲಹೊಂಗಲದ ಬಜಾರದಲ್ಲಿ ಬಾಳೆಹಣ್ಣಿನ ಗಾಡಿಯ ಮುಂದೆ ನಿಂತವರು ಮೊದಲು ಕೇಳುವ ಮಾತು ಒಂದೇ: “ಡಜನ್ ಹೆಂಗ?” ಅಷ್ಟು ಸಾಕು. ಹಣ್ಣಿನ ಹೆಸರು ಹೇಳಬೇಕಿಲ್ಲ, ರೇಟು ಅನ್ನುವ ಮಾತೂ ಬೇಕಿಲ್ಲ. “ಜವಾರಿ ಅರವತ್ತರಿ, ಇವು ನಲವತ್ತು” ಎಂದು ಉತ್ತರ ಬರುತ್ತದೆ. “ಐವತ್ತಕ್ಕ ಕೊಡು ಮಾರಾಯಾ” ಎಂದು ಚೌಕಾಶಿ ಶುರುವಾಗುತ್ತದೆ. ಸಾಲಿಯ ಕಟ್ಟೆ ಹತ್ತದ ಮುದುಕಿಯೂ ಡಜನ್ ಅನ್ನುತ್ತಾಳೆ, ಅರ್ಧಾ ಡಜನ್ ಅನ್ನುತ್ತಾಳೆ. ಅದು ಇಂಗ್ಲಿಷ್ ಎಂದು ಅವಳಿಗೆ ಯಾರಾದರೂ ಹೇಳಿದರೆ ನಂಬುವುದು ಕಷ್ಟ. ಸವದತ್ತಿಯ ಬಳೆ ಅಂಗಡಿ, ರಾಮದುರ್ಗದ ಪೇಟೆಯ ಪಾಟಿ-ಪುಸ್ತಕದ ದುಕಾನು, ಕಿತ್ತೂರಿನ ಬಸ್‌ಸ್ಟ್ಯಾಂಡ್ ಎದುರಿನ ಹಣ್ಣಿನ ಬುಟ್ಟಿ, ಎಲ್ಲಿ ಹೋದರೂ ಈ ಮಾತು ಹೀಗೆಯೇ ಕಾಲು ಚಾಚಿ ಕೂತಿದೆ. ಬಸ್ಸು, ಟಿಕೀಟು, ಸಾಬೂನು ಬಂದ ಹಾಗೆ ಇದೂ ಬಂತು ಅನ್ನಬಹುದು. ಆದರೆ ಬಸ್ಸಿನ ಜೊತೆಗೆ ಬಸ್ಸಿನ ಮಾತು ಬಂತು. ಹನ್ನೆರಡು ಮಾತ್ರ ಇಲ್ಲಿ ಮೊದಲೇ ಇತ್ತು. ಅದಕ್ಕೆ ಒಳ್ಳೆಯ ಹೆಸರೂ ಇತ್ತು. ಹಾಗಿದ್ದೂ ಡಜನ್‌ಗೆ ನಮ್ಮವರು ಯಾಕೆ ಜಾಗ ಕೊಟ್ಟರು ಎಂಬುದು ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ.

ಮೊದಲಿಗೆ, ಡಜನ್ ಇಂಗ್ಲಿಷಿನ ಸ್ವಂತ ಸೊತ್ತೂ ಅಲ್ಲ. ಕ್ರಿ.ಶ. 1300ರ ಆಸುಪಾಸಿನಲ್ಲಿ ಅದು ಫ್ರೆಂಚಿನಿಂದ ಅಲ್ಲಿಗೆ ಬಂತು. ಫ್ರೆಂಚಿನಲ್ಲಿ ‘ದೂಜ್’ ಎಂದರೆ ಹನ್ನೆರಡು. ಅದಕ್ಕೊಂದು ಬಾಲ ಸೇರಿ ‘ದೂಜೆನ್’ ಆದಾಗ ಹನ್ನೆರಡರ ಒಂದು ಕಟ್ಟು ಎಂಬ ಅರ್ಥ ಬರುತ್ತದೆ. ಕೊರೋನಾ ಕಾಲದಲ್ಲಿ ನಮ್ಮ ಹಳ್ಳಿಗಳ ಸಾಲಿಯ ಖೋಲಿಗಳವರೆಗೂ ಬಂದು ಹೋದ ಕ್ವಾರಂಟೈನ್ ಇದೇ ಜಾತಿಯ ಮಾತು. ಅದು ನಲವತ್ತರ ಕಟ್ಟು. ರೋಗದ ಅಂಜಿಕೆಯಿಂದ ವೆನಿಸ್ಸಿನವರು ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದ ಪದ್ಧತಿಯಿಂದ ಹುಟ್ಟಿದ್ದು. ‘ದೂಜ್’ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ದುವೊದೆಕಿಮ್’ ಸಿಗುತ್ತದೆ. ದುವೊ ಅಂದರೆ ಎರಡು, ದೆಕೆಮ್ ಅಂದರೆ ಹತ್ತು. ಇಲ್ಲಿಗೆ ಬರುವಾಗ ಕನ್ನಡದ ಓದುಗರ ಕಿವಿ ನಿಮಿರಬೇಕು, ಏಕೆಂದರೆ ಸಂಸ್ಕೃತದ ದ್ವಾದಶವೂ ಇದೇ ಅಳತೆಯದು: ದ್ವಾ, ದಶ. ಲ್ಯಾಟಿನ್, ಸಂಸ್ಕೃತ ಎರಡೂ ಒಂದೇ ಮನೆತನದವು. ದ್ವಾದಶ ಜನರ ಬಾಯಲ್ಲಿ ಸವೆದು ಸವೆದು ಪ್ರಾಕೃತವನ್ನು ದಾಟಿ ಮರಾಠಿಯಲ್ಲಿ ‘ಬಾರಾ’ ಆಯಿತು. ಹಾಗಾಗಿ ಡಜನ್ ಮತ್ತು ಬಾರಾ ಬಹಳ ದೂರದ ದಾಯಾದಿಗಳು.

ಇಂಗ್ಲಿಷಿನ ತವರಿನ ಮಾತು ಡಜನ್ ಅಲ್ಲ, ‘ಟ್ವೆಲ್ವ್’. ಅದರ ಒಳಗಿನ ಲೆಕ್ಕ ಬೇರೆ. ಹತ್ತು ಎಣಿಸಿ ಮುಗಿಸಿದ ಮೇಲೆ ‘ಉಳಿದದ್ದು ಎರಡು’ ಎಂಬುದು ಅದರ ಹಳೆಯ ಅರ್ಥ. ‘ಇಲೆವೆನ್’ ಎಂದರೆ ಹಾಗೆಯೇ ಉಳಿದದ್ದು ಒಂದು. ನಮ್ಮ ಹನ್ನೆರಡು ಮತ್ತೊಂದು ಮನೆತನದ್ದು, ದ್ರಾವಿಡದ್ದು. ಪತ್ತು ಮತ್ತು ಎರಡು ಕೂಡಿ ಪನ್ನೆರಡು. ಪಕಾರ ಹೋಗಿ ಹಕಾರ ಬಂದು ಹನ್ನೆರಡು. ಸಂಸ್ಕೃತ, ಲ್ಯಾಟಿನ್ನುಗಳಲ್ಲಿ ಎರಡು ಮುಂದೆ, ಹತ್ತು ಹಿಂದೆ. ಕನ್ನಡದಲ್ಲಿ ದೊಡ್ಡದು ಮುಂದೆ, ಸಣ್ಣದು ಹಿಂದೆ. ನಾವು ಅಂಕಿ ಬರೆಯುವಾಗಲೂ ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಆಮೇಲೆ. ಹನ್ನೆರಡು ಎಂಬ ಮಾತು ಉಚ್ಚಾರದಲ್ಲೇ 12 ಎಂಬ ಬರಹವನ್ನು ಹಿಡಿದುಕೊಂಡಿದೆ.

ಹನ್ನೆರಡು, ಬಾರಾ, ಡಜನ್, ಈ ಮೂರೂ ಮಾತುಗಳು ಒಂದೇ ಬಜಾರದಲ್ಲಿ ಕೂಡುವ ಸೀಮೆ ನಮ್ಮದು. ಹನ್ನೆರಡು ಈ ನೆಲದ್ದು. ಬಾರಾ ಉತ್ತರದ ನೆರೆಮನೆಯಿಂದ ಬಂದದ್ದು. ನಮ್ಮ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಷ್ಟೇ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿ, ಕೋರ್ಟು, ದುಕಾನುಗಳಲ್ಲಿ ಮರಾಠಿ ದಟ್ಟವಾಗಿ ಬಳಕೆಯಲ್ಲಿತ್ತು. ಆ ದಾರಿಯಲ್ಲಿ ಬಂದ ಬಾರಾ ಎಲ್ಲೆಲ್ಲಿ ಹೊಕ್ಕಿದೆ ನೋಡಿ. ಹನ್ನೆರಡು ಕಸಿ ಕಟ್ಟುವ ಅಂಗಿಗೆ ಬಾರಾಬಂದಿ ಅನ್ನುತ್ತಿದ್ದರು. ಊರ ಬಡಿಗ, ಕಂಬಾರ, ಕುಂಬಾರ, ಅಗಸ, ನಾವಲಿಗ ಮೊದಲಾದ ಕಸಬಿನವರನ್ನು ಮರಾಠಿಯವರು ಬಾರಾ ಬಲುತೇದಾರರು ಅಂದರೆ, ವಿಜಯನಗರದ ಕಾಲದಿಂದ ಕನ್ನಡದವರು ಅವರನ್ನೇ ಹನ್ನೆರಡು ಆಯಗಾರರು ಅಂದರು. ರಾಶಿಯ ಹೊತ್ತಿಗೆ ಕಣದಿಂದ ಅವರ ಪಾಲಿನ ಕಾಳು ಹೋಗುತ್ತಿತ್ತು. ಪಕ್ಕದ ವಿಜಯಪುರದಲ್ಲಿ ಎರಡನೆಯ ಅಲಿ ಆದಿಲಶಾಹನ ಮುಗಿಯದ ಗೋರಿಗೆ ಬಾರಾಕಮಾನ ಎಂದೇ ಹೆಸರು. ಅಕ್ಷರಕ್ಕೆ ಹನ್ನೆರಡು ಸ್ವರ ಹಚ್ಚಿ ತಿದ್ದಿಸುವುದಕ್ಕೆ ನಮ್ಮ ಅಜ್ಜಂದಿರು ಬಾರಾಖಡಿ ಅನ್ನುತ್ತಿದ್ದರು. ಕೆಲಸ ಕೆಟ್ಟರೆ “ಹನ್ನೆರಡು ಬಾರಿಸ್ತು” ಎನ್ನುವುದೂ ಮರಾಠಿಯ ಗಾಳಿಯೇ.

ಡಜನ್ ಮಾತ್ರ ಕೊನೆಗೆ ಬಂದದ್ದು, ಹಡಗಿನಲ್ಲಿ. ಅದರ ಹಿಂದೆ ಬಂದೂಕೂ ಇತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡು ಮತ್ತೆ ಬಂದು ಕೋಟೆ ತೆಗೆದುಕೊಂಡಿತು. ಕಿತ್ತೂರಿನ ರಾಣಿ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಅಲ್ಲಿಯೇ 1829ರ ಫೆಬ್ರುವರಿ 2ರಂದು ತಾಯಿ ತೀರಿಕೊಂಡಳು. ಆಕೆಯ ಸಮಾಧಿ ಇವತ್ತಿಗೂ ನಮ್ಮ ಊರಿನಲ್ಲಿದೆ. ಆಮೇಲೆ ಕಂಪನಿಯ ಕಾಗದ, ಕಂಪನಿಯ ಮೊಹರು, 1835ರಿಂದ ಇಡೀ ದೇಶಕ್ಕೆ ಒಂದೇ ಎಂದು ಟಂಕಿಸಿದ ಕಂಪನಿಯ ರೂಪಾಯಿ. ಈ ರೂಪಾಯಿಯ ಬೆನ್ನು ಹತ್ತಿದರೆ ಡಜನ್ ಇಲ್ಲಿ ಬೇರು ಬಿಟ್ಟ ಬಗೆ ಗೊತ್ತಾಗುತ್ತದೆ.

ಆಗಿನ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಟ್ಟು 192 ಪೈ. ನಮ್ಮ ಅಜ್ಜನಿಗೆ ಸಣ್ಣದೊಂದು ಕಿರಾಣಿ ಅಂಗಡಿ ಇತ್ತು. ಅವರ ಕಿರ್ದಿ-ಖತಾವಣಿಗಳು ಇನ್ನೂ ಅಟ್ಟದ ಮೇಲಿವೆ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ. ರೂಪಾಯಿ, ಆಣೆ, ಪೈ ಎಂದು ಮೂರು ಸಾಲು. ಕಪ್ಪು ಶಾಯಿಯ ಓರೆ ಅಕ್ಷರ. ಕಡ್ಡಿಪೆಟ್ಟಿಗೆ, ಪೆನ್ಸಿಲ್ಲು, ಗುಂಡಿ, ಸೂಜಿ, ಎಲ್ಲದರ ಮುಂದೆ ‘ಡ’ ಎಂಬ ಒಂದೇ ಅಕ್ಷರ. ಅದು ಡಜನ್. ಆ ಪುಟಗಳನ್ನು ತಿರುವುತ್ತ ಕುಳಿತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಡಜನ್ನಿಗೆ ಮೂರು ಆಣೆ ಎಂದು ಕೊಂಡ ಪೆನ್ಸಿಲ್ಲು ಬಿಡಿ ಒಂದಕ್ಕೆ ಮೂರು ಪೈ. ಡಜನ್ನಿಗೆ ಐದಾಣೆ ಇದ್ದದ್ದು ಒಂದಕ್ಕೆ ಐದು ಪೈ. ಡಜನ್ನಿಗೆ ಎಷ್ಟು ಆಣೆಯೋ ಒಂದಕ್ಕೆ ಅಷ್ಟೇ ಪೈ. ಭಾಗಾಕಾರವೇ ಬೇಕಿಲ್ಲ! ಇಂಗ್ಲೆಂಡಿನಲ್ಲಿ ಶಿಲಿಂಗಿಗೆ ಹನ್ನೆರಡು ಪೆನ್ನಿ ಇದ್ದುದರಿಂದ ಅಲ್ಲಿನ ಅಂಗಡಿಯವರಿಗೂ ಇದೇ ಅನುಕೂಲವಿತ್ತು. ಮಗ್ಗಿ ಬಾರದ ಹಳ್ಳಿಯ ಹೆಣ್ಣುಮಗಳು ಕೂಡ ಡಜನ್ನಿನ ಧಾರಣೆ ಕೇಳಿ ಬಿಡಿಯ ಬೆಲೆಯನ್ನು ತಟ್ಟನೆ ಹೇಳಬಹುದಿತ್ತು. ಅವಳಿಗೆ ಮೋಸ ಮಾಡುವುದು ಕಷ್ಟ. ಒಂದು ಮಾತು ಜನರ ಬಾಯಿಗೆ ಇಳಿಯಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕೆ? ಹಾಗಂತ ಇದೊಂದೇ ಕಾರಣವಲ್ಲ.

1957ರ ಏಪ್ರಿಲ್ 1ಕ್ಕೆ ನೂರು ನಯೇ ಪೈಸೆಯ ರೂಪಾಯಿ ಬಂತು. ಆಣೆಗೆ ಆರೂಕಾಲು ಪೈಸೆ ಆಯಿತು. ರೂಪಾಯಿಗೊಂದು ಡಜನ್ ಎಂದರೆ ಬಿಡಿ ಒಂದಕ್ಕೆ ಎಂಟು ಪೈಸೆ, ಮೇಲೆ ಮೂರನೆಯ ಒಂದು ಪಾಲು. ಅಜ್ಜನ ಪುಸ್ತಕದಲ್ಲಿ ಆ ವರ್ಷದ ಪುಟಗಳ ಅಂಚಿನಲ್ಲಿ ಆಣೆಯನ್ನು ಪೈಸೆಗೆ ತಿರುಗಿಸಿದ ಸಣ್ಣ ಸಣ್ಣ ಲೆಕ್ಕಗಳು ತುಂಬಿವೆ. ಕೆಲವು ಎರಡು ಸಲ ಮಾಡಿ ಹೊಡೆದು ಹಾಕಿದ್ದು. ಮರುವರ್ಷದ ಅಕ್ಟೋಬರಿನಿಂದ ಕಿಲೋ, ಗ್ರಾಮುಗಳೂ ಒಂದೊಂದಾಗಿ ಬಂದವು. ಸೇರು, ತೊಲೆಗಳು ಸರಕಾರಿ ಲೆಕ್ಕದಿಂದ ಹಿಂದೆ ಸರಿದವು. ಹನ್ನೆರಡು ಮಾಷಕ್ಕೊಂದು ತೊಲೆ ಎಂಬ ಹಳೆಯ ತೂಕ ಬಂಗಾರದ ಅಂಗಡಿಯ ಮಾತಿನಲ್ಲಿ ಮಾತ್ರ ಉಳಿಯಿತು. ಆಣೆಯ ಹೆಸರು ನಾಕಾಣೆ, ಎಂಟಾಣೆ ಎಂದು ಅಷ್ಟು ದಿನ ಬಾಳಿ, 2011ರ ಜೂನ್ 30ಕ್ಕೆ 25 ಪೈಸೆ ನಾಣ್ಯ ನಿಂತಾಗ ಅರ್ಧ ಜೀವ ಬಿಟ್ಟಿತು. ಡಜನ್ನಿಗೆ ಆಸರೆಯಾಗಿದ್ದ ಪೈ ಹೋಯಿತು, ಆಣೆ ಹೋಯಿತು, ಡಜನ್ ಹೋಗಲಿಲ್ಲ. ಅದಕ್ಕೆ ಬೇರೆ ಆಸರೆ ಇತ್ತು.

ಆ ಆಸರೆ ನಮ್ಮ ಕೈ. ಹಣ್ಣು ಮಾರುವ ಹಿರಿಯ ಹೆಣ್ಣುಮಗಳು ಎಣಿಸುವುದನ್ನು ಹತ್ತಿರ ನಿಂತು ನೋಡಬೇಕು. ಬಲಗೈಯಿಂದ ಹಣ್ಣು ಎತ್ತಿ ಬುಟ್ಟಿಗೆ ಇಡುತ್ತಾಳೆ. ಎಡಗೈಯ ಹೆಬ್ಬೆರಳು ಕಿರಿಬೆರಳಿನ ಬುಡದ ಗೆಣ್ಣಿನಿಂದ ಶುರುಮಾಡಿ ಮೇಲಕ್ಕೆ ಏರುತ್ತದೆ: ಬುಡ, ನಡು, ತುದಿ. ಒಂದು ಬೆರಳಿಗೆ ಮೂರು. ಕಿರಿಬೆರಳು ಮುಗಿದರೆ ಉಂಗುರ ಬೆರಳು, ಅದು ಮುಗಿದರೆ ನಡುಬೆರಳು, ಆಮೇಲೆ ತೋರುಬೆರಳು. ನಾಲ್ಕು ಬೆರಳಿಗೆ ಹನ್ನೆರಡು. ಹೆಬ್ಬೆರಳು ಎಣಿಸುವ ಕಡ್ಡಿ, ಎಣಿಕೆಗೆ ಬರುವುದಿಲ್ಲ. ಬಾಯಲ್ಲಿ ಗಿರಾಕಿಯ ಜೊತೆ ಮಾತು ನಡೆದೇ ಇರುತ್ತದೆ. ಮಗಳ ಹೆರಿಗೆ, ಈ ಸಲದ ಮಳೆ, ಬಸ್ಸು ತಡವಾದದ್ದು. ಲೆಕ್ಕ ತಪ್ಪುವುದಿಲ್ಲ, ಯಾಕೆಂದರೆ ಲೆಕ್ಕ ಬಾಯಲ್ಲಿಲ್ಲ, ಹೆಬ್ಬೆರಳಿನಲ್ಲಿದೆ. ಒಂದು ಕೈಯಲ್ಲಿ ಹತ್ತು ಎಣಿಸಲು ಆಗದು, ಬೆರಳು ಐದೇ. ಗೆಣ್ಣು ಹಿಡಿದರೆ ಒಂದೇ ಕೈಯಲ್ಲಿ ಹನ್ನೆರಡು, ಇನ್ನೊಂದು ಕೈ ಕೆಲಸಕ್ಕೆ ಖಾಲಿ. ಹನ್ನೆರಡನ್ನು ಕಟ್ಟಾಗಿ ಎಣಿಸುವ ಬಗೆ ಲೋಕದ ಎಷ್ಟೋ ಕಡೆ ಹುಟ್ಟಿದ್ದು ಈ ಗೆಣ್ಣುಗಳಿಂದಲೇ ಇರಬೇಕು ಎಂದು ಹೇಳುವವರಿದ್ದಾರೆ. ಬೈಲಹೊಂಗಲದ ಸಂತೆಯಲ್ಲಿ ನಿಂತು ನೋಡಿದವರಿಗೆ ಅದು ನಂಬುವ ಮಾತು.

ಕೈಯಲ್ಲಿ ಮತ್ತೊಂದು ಹನ್ನೆರಡಿದೆ. ಹೆಬ್ಬೆರಳಿನಿಂದ ಕಿರಿಬೆರಳಿಗೆ ಚಾಚಿದರೆ ಗೇಣು. ಶಾಸ್ತ್ರದ ಲೆಕ್ಕದಲ್ಲಿ ಗೇಣಿಗೆ ಹನ್ನೆರಡು ಅಂಗುಲ, ಎರಡು ಗೇಣಿಗೆ ಒಂದು ಮೊಳ. ಮಲ್ಲಿಗೆ ಮಾಲೆಯನ್ನು ಇವತ್ತಿಗೂ ಮೊಳದ ಲೆಕ್ಕದಲ್ಲಿಯೇ ಕೊಳ್ಳುತ್ತೇವೆ. ಕಟ್ಟುವವಳ ಮೊಳಕೈ ಗಿಡ್ಡದೋ ಉದ್ದದೋ ಎಂದು ನೋಡಿ ಅಂಗಡಿ ಆರಿಸುವ ಜಾಣೆಯರೂ ಇದ್ದಾರೆ.

ಮತ್ತೆ, ಹನ್ನೆರಡು ಪಾಲು ಮಾಡಲು ಹೇಳಿ ಮಾಡಿಸಿದ ಅಂಕಿ. ಎರಡು, ಮೂರು, ನಾಲ್ಕು, ಆರು, ಯಾವುದರಿಂದ ಹಂಚಿದರೂ ಚೂರು ಉಳಿಯುವುದಿಲ್ಲ. ಹತ್ತನ್ನು ಹಂಚಬೇಕೆಂದರೆ ಎರಡು ಪಾಲು ಇಲ್ಲವೆ ಐದು ಪಾಲು, ಅಷ್ಟೆ. ಮೂರು ಮಂದಿ ಅಣ್ಣತಮ್ಮಂದಿರು ಇದ್ದ ಮನೆಯಲ್ಲಿ ಹತ್ತು ಹಣ್ಣು ಜಗಳಕ್ಕೆ ದಾರಿ, ಹನ್ನೆರಡಾದರೆ ತಲೆಗೆ ನಾಲ್ಕು. ಅರ್ಧ, ಪಾವು, ಮುಕ್ಕಾಲು ಎನ್ನುತ್ತ ಬದುಕಿದ ಜನ ನಾವು. ಕಾಲ್ಮಗ್ಗಿ, ಅರೆಮಗ್ಗಿ, ಮುಕ್ಕಾಲ ಮಗ್ಗಿಗಳನ್ನು ಹಿಂದಿನ ಸಾಲಿಗಳಲ್ಲಿ ಕೂಗಿ ಕೂಗಿ ಬಾಯಿಪಾಠ ಮಾಡಿಸುತ್ತಿದ್ದರು. ಪಾವು ಭಾಗವೂ ಮುರಿಯದೆ ಬರುವ ಕಟ್ಟು ನಮಗೆ ಬೇಕಾಗಿತ್ತು. ಬೆಳೆಯನ್ನು ಆಣೆಯಲ್ಲಿ ಅಳೆಯುವ ಆಣೆವಾರಿಯ ಕಾಲದಲ್ಲಿ “ಈ ಸಲ ಹನ್ನೆರಡಾಣೆ ಬೆಳಿ” ಎಂದರೆ ಮುಕ್ಕಾಲು ಬೆಳೆ. ಕಪ್ಪು ಮಣ್ಣಿನ ಒಣಬೇಸಾಯದವರಿಗೆ ಅದು ಸಮಾಧಾನದ ವರ್ಷ.

ಸವದತ್ತಿಗೆ ಹೋದಾಗಲೆಲ್ಲ ನನಗೆ ಇನ್ನೂ ಹಳೆಯದೊಂದು ಹನ್ನೆರಡು ನೆನಪಾಗುತ್ತದೆ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ರಟ್ಟರ ರಾಜಧಾನಿ. ಹದಿಮೂರನೆಯ ಶತಮಾನದ ಆರಂಭದಲ್ಲಿ ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ಹೋಗುವ ತನಕ ಇಲ್ಲಿಂದಲೇ ಆಳಿದರು. ಅವರ ಶಾಸನಗಳನ್ನು ಓದಿ ಪ್ರಕಟಿಸಿದವರು ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್. ಅವುಗಳಲ್ಲಿ ಊರಿನ ಹೆಸರಿನ ಬೆನ್ನಿಗೇ ಒಂದು ಅಂಕಿ ಬರುತ್ತದೆ: ಕೂಂಡಿ ಮೂರು ಸಾವಿರ ಎಂಬ ನಾಡು, ಅದರೊಳಗೆ ಸುಗಂಧವರ್ತಿ ಹನ್ನೆರಡು. ಸುಗಂಧವರ್ತಿಯನ್ನು ನಡುವಿಗೆ ಇಟ್ಟುಕೊಂಡ ಹನ್ನೆರಡು ಹಳ್ಳಿಗಳ ಕೂಟ ಅದು. ಕಿತ್ತೂರಿನ ಕಡೆ ಬಂದರೆ ದೇಗಾವಿ; ಅಲ್ಲಿನ ಕಮಲನಾರಾಯಣ ಗುಡಿಯನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿ. ಅವಳ ಗಂಡನ ಮನೆತನ ಆಳಿದ್ದು ಕೊಂಕಣ ಒಂಬೈನೂರು ಮತ್ತು ಪಲಸಿಗೆ ಹನ್ನೆರಡು ಸಾವಿರ. ಪಲಸಿಗೆ ಎಂದರೆ ಖಾನಾಪುರ ತಾಲ್ಲೂಕಿನ ಈಗಿನ ಹಲಸಿ. ಬನವಾಸಿಯೂ ಹನ್ನೆರಡು ಸಾವಿರವೇ. ಹಳಗನ್ನಡದ ಶಾಸನಗಳಲ್ಲಿ ಅದು ಪನ್ನಿರ್ಚ್ಛಾಸಿರ. ಬಾಯಿತುಂಬ ಹೇಳಿ ನೋಡಿ, ಎಷ್ಟು ಗಂಭೀರವಾದ ಸಂಖ್ಯೆ! ಈ ದೊಡ್ಡ ಅಂಕಿಗಳು ಹಳ್ಳಿಗಳದ್ದೋ ಉತ್ಪನ್ನದ್ದೋ ದಂಡಿನದ್ದೋ ಎಂಬ ವಾದ ವಿದ್ವಾಂಸರಲ್ಲಿ ನಡೆದೇ ಇದೆ. ಹನ್ನೆರಡರಂಥ ಸಣ್ಣ ಅಂಕಿಯ ವಿಷಯದಲ್ಲಿ ಆ ಗೊಂದಲವಿಲ್ಲ. ಆಡಳಿತ ನಡೆಸುವವರಿಗೂ ಹನ್ನೆರಡೇ ಹಿಡಿತಕ್ಕೆ ಸಿಗುವ ಕಟ್ಟಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಹಳ್ಳಿಗಳನ್ನು ಡಜನ್ ಕಟ್ಟಿದ ಊರಿನಲ್ಲಿ ಬಳೆಗಳನ್ನು ಡಜನ್ ಕಟ್ಟಿ ಮಾರುತ್ತಿರುವುದು ಹೊಸ ಸಂಗತಿಯಲ್ಲ.

ಬಳೆಯ ಮಾತಿಗೆ ಬಂದರೆ ಎಲ್ಲಮ್ಮನ ಗುಡ್ಡ ಬಿಟ್ಟು ಮುಂದೆ ಹೋಗಲಾಗದು. ಹೊಸ್ತಿಲ ಹುಣ್ಣಿಮೆಯಿಂದ ಭರತ ಹುಣ್ಣಿಮೆಯ ತನಕ ಆ ಗುಡ್ಡಕ್ಕೆ ಬರುವ ಜನಕ್ಕೆ ಕೊನೆಯಿಲ್ಲ. ಗಂಡ ಜಮದಗ್ನಿ ಸತ್ತು ತಾಯಿ ಎಲ್ಲಮ್ಮ ಬಳೆ ಕಳೆದುಕೊಂಡದ್ದು ಮೊದಲನೆಯ ಹುಣ್ಣಿಮೆ, ಮತ್ತೆ ಮುತ್ತೈದೆಯಾದದ್ದು ಭರತ ಹುಣ್ಣಿಮೆ ಎಂದು ಭಕ್ತರು ನಡೆದುಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಬಳೆ ಬರೀ ಸಿಂಗಾರದ ವಸ್ತುವಲ್ಲ. ಅಂಗಡಿ ಸಾಲಿನ ಎರಡೂ ಬದಿಗೆ ಹಸಿರು ಗಾಜಿನ ಬಳೆಯ ಮಲಾರಗಳು. ಅವ್ವನ ಜೊತೆ ಹೋದಾಗ ಕಂಡ ಬಳೆಗಾರರೊಬ್ಬರ ಕೈಚಳಕ ಈಗಲೂ ಕಣ್ಣ ಮುಂದಿದೆ. “ಕೈ ಸಡ್ಲ ಬಿಡವಾ ತಂಗಿ, ಬಿಗಿ ಹಿಡಿಬ್ಯಾಡ” ಎನ್ನುತ್ತ, ಬೆರಳುಗಳನ್ನು ಒಟ್ಟುಗೂಡಿಸಿ ಹೆಬ್ಬೆರಳಿನ ಬುಡವನ್ನು ಒತ್ತಿ, ಒಂದೊಂದೇ ಬಳೆಯನ್ನು ಗೆಣ್ಣು ದಾಟಿಸುವುದು. ಈ ಕೈಗೆ ಆರು, ಆ ಕೈಗೆ ಆರು. ಡಜನ್ ಮುಗಿಯಿತು. ಆದರೆ ಅವ್ವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಳೆಗಾರರೂ ಕಾಯಲಿಲ್ಲ, ತಾವಾಗಿಯೇ ಮತ್ತೊಂದು ಬಳೆ ಎತ್ತಿ ಬಲಗೈಗೆ ಏರಿಸಿದರು. ಅದಕ್ಕೆ ರೊಕ್ಕ ಇಲ್ಲ. ಅವ್ವ ತೊಟ್ಟ ಬಳೆಗಳನ್ನು ಕಣ್ಣಿಗೊತ್ತಿಕೊಂಡು, “ನಿಮ್ಮ ಮನಿ ತಣ್ಣಗಿರ್ಲೆಪಾ” ಎಂದು ಎದ್ದಳು.

ಹನ್ನೆರಡರ ಮೇಲಿನ ಆ ಒಂದಕ್ಕೆ ಇಂಗ್ಲೆಂಡಿನಲ್ಲಿ ‘ಬೇಕರನ ಡಜನ್’ ಎಂದು ಹೆಸರು, ಹದಿಮೂರು ಎಂದರ್ಥ. 1266ರಲ್ಲಿ, ಮೂರನೆಯ ಹೆನ್ರಿಯ ಕಾಲದಲ್ಲಿ, ರೊಟ್ಟಿಯ ತೂಕ ಕಡಿಮೆ ಕೊಟ್ಟವರಿಗೆ ಶಿಕ್ಷೆ ಎಂಬ ಕಟ್ಟಳೆ ಇತ್ತು. ಆ ಅಂಜಿಕೆಗೆ ರೊಟ್ಟಿ ಸುಡುವವರು ಡಜನ್ನಿನ ಮೇಲೊಂದು ಹೆಚ್ಚಿಗೆ ಕೊಡುತ್ತಿದ್ದರು ಎಂಬುದು ವಾಡಿಕೆಯ ವಿವರಣೆ. ನಮ್ಮಲ್ಲಿ ಅದಕ್ಕೆ ಕೊಸರು ಎಂಬ ಅಚ್ಚಗನ್ನಡ ಮಾತಿದೆ. ನನಗೆ ಎರಡರಲ್ಲಿ ನಮ್ಮದೇ ಹೆಚ್ಚು ಇಷ್ಟ. ಅಲ್ಲಿ ಹದಿಮೂರನೆಯದು ದಂಡದ ಅಂಜಿಕೆಯಿಂದ ಬಂತು. ಗುಡ್ಡದ ಬಳೆಗಾರರು ಹಾಕಿದ ಹದಿಮೂರನೆಯ ಬಳೆಗೆ ಯಾವ ಅರಸನ ಅಂಜಿಕೆಯೂ ಇರಲಿಲ್ಲ.

ಗುಡ್ಡದಲ್ಲಿ ಕಂಡುಕೊಂಡ ಇನ್ನೊಂದು ಸಂಗತಿಯನ್ನು ಹೇಳಬೇಕು. ದೇವರ ಲೆಕ್ಕ ಹನ್ನೆರಡರದ್ದಲ್ಲ. ಉಡಿ ತುಂಬುವುದು ಐದರ ಲೆಕ್ಕ: ಐದು ಉತ್ತತ್ತಿ, ಐದು ಅಡಕಿ, ಐದು ಹಣ್ಣು. ದೇವಿಯ ಪಡ್ಡಲಗಿ ಬುಟ್ಟಿ ತುಂಬಿಸುವಾಗ ಜೋಗತಿಯರೂ ಐವರು. ಬಜಾರದ ಲೆಕ್ಕ ಮಾತ್ರ ಹನ್ನೆರಡು. ಎರಡು ಲೆಕ್ಕಗಳನ್ನು ಹೊಂದಿಸುವುದು ಹೆಣ್ಣುಮಕ್ಕಳ ಜಾಣ್ಮೆ. ಅವ್ವ ಒಂದು ಡಜ‌ನ್ ಬಾಳೆಹಣ್ಣು ಕೊಂಡರೆ, ಐದು ಉಡಿಗೆ, ಎರಡು ನೈವೇದ್ಯದ ಎಡೆಗೆ, ಉಳಿದ ಐದು ಬುತ್ತಿಯ ಜೊತೆ ಮಕ್ಕಳಿಗೆ. ಹನ್ನೆರಡೂ ಹಣ್ಣು ಲೆಕ್ಕಕ್ಕೆ ಸರಿ. ಕಾಳು ಅಳೆಯುವಾಗಲೂ ಹಾಗೆಯೇ ಎರಡು ಲೆಕ್ಕ: ಮೊದಲ ಸೇರನ್ನು ಒಂದು ಎನ್ನದೆ ‘ಲಾಭ’ ಎಂದು ಹೇಳಿ, ಆಮೇಲೆ ಎರಡು, ಮೂರು ಎಂದು ಮುಂದುವರಿಸುವುದು. ಎಣಿಕೆಯಲ್ಲಿ ಬರೀ ಅಂಕಿ ಇರುವುದಿಲ್ಲ ಎಂಬುದು ಕಣದಲ್ಲಿ ಕೂತವರಿಗೆ ಗೊತ್ತು.

ಡಜನ್ನಿಗೆ ಸಡಿಲವಾದ ಅರ್ಥವೂ ಒಂದಿದೆ. ಪತ್ರಿಕೆಯವರು ‘ಡಜನ್‌ಗಟ್ಟಲೆ ಅರ್ಜಿ’ ಎಂದು ಬರೆದರೆ ಯಾರೂ ಹನ್ನೆರಡರಿಂದ ಗುಣಿಸುವುದಿಲ್ಲ. ಬಹಳ ಎಂದಷ್ಟೇ ತಿಳಿಯುತ್ತಾರೆ. ಇಂಗ್ಲಿಷಿನಲ್ಲಿಯೂ ಹೀಗೇ. ಕನ್ನಡಕ್ಕೆ ಇಲ್ಲಿ ಸಾಲದ ಅಗತ್ಯವೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂದಾಜು ಹೇಳಲು ನಮ್ಮಲ್ಲಿರುವಷ್ಟು ಜೋಡಿಮಾತು ಯಾರಲ್ಲಿವೆ? ನಾಕಾರು, ಏಳೆಂಟು, ಹತ್ತೆಂಟು, ಹತ್ತಾರು, ಹತ್ತು-ಹನ್ನೆರಡು, ನೂರೆಂಟು. “ಮದಿವ್ಯಾಗ ಹತ್ತ್-ಹನ್ನೆರಡು ಮಂದಿ ಬಡಿಸಾವ್ರಿದ್ರು” ಎಂಬ ಮಾತಿನಲ್ಲಿ ಇರುವ ಹದ ‘ಡಜನ್ ಮಂದಿ’ ಎಂಬುದರಲ್ಲಿ ಇಲ್ಲ. ವಸ್ತುವನ್ನು ಕಟ್ಟು ಕಟ್ಟಿ ಎಣಿಸುವಲ್ಲಿ ಡಜನ್ ನಮಗೆ ಉಪಕಾರ ಮಾಡಿದೆ. ಅಂದಾಜಿನ ಸೀಮೆಯಲ್ಲಿ ನಮ್ಮದನ್ನೇ ಬಳಸಬೇಕು.

ಈಗ ಬಜಾರ ಬದಲಾಗುತ್ತಿದೆ. ತತ್ತಿ ಮೂವತ್ತರ ಟ್ರೇಗೆ ಹೋಯಿತು. ದೊಡ್ಡ ಊರುಗಳಲ್ಲಿ ಬಾಳೆಹಣ್ಣನ್ನು ಕಿಲೋ ಲೆಕ್ಕದಲ್ಲಿ ತೂಗಿ ಚೀಟಿ ಹಚ್ಚುತ್ತಾರೆ; ಬೈಲಹೊಂಗಲಕ್ಕೂ ಅದು ಬರಲು ತಡವಿಲ್ಲ. ಅಳತೆಗಳಲ್ಲಿ ಹಳೆಯದು ಅರ್ಧ ಉಳಿದು ಅರ್ಧ ಹೋಗುವುದನ್ನು ನಮ್ಮ ನವಿಲುತೀರ್ಥದ ಆಣೆಕಟ್ಟಿನಲ್ಲೇ ನೋಡಬಹುದು. ಅದರ ಜಲಾಶಯವಾದ ರೇಣುಕಾ ಸಾಗರದ ಗರಿಷ್ಠ ಮಟ್ಟ 2079.50 ಅಡಿ ಎಂದು ಪ್ರತಿ ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಓದುತ್ತೇವೆ. ಅಡಿ ಉಳಿಯಿತು, ಅದರ ಹನ್ನೆರಡು ಇಂಚು ಹೋಗಿ ದಶಮಾಂಶ ಬಂತು. ಬಡಿಗರ, ಸಿಂಪಿಗರ ಕೈಯಲ್ಲಿ ಮಾತ್ರ ಇಂಚು ಇನ್ನೂ ಜೀವಂತವಾಗಿದೆ. ದಶಮಾಂಶದ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕ ಬರೆದು ಮಾಡುವವರಿಗೆ, ಯಂತ್ರದಲ್ಲಿ ಮಾಡುವವರಿಗೆ ಹತ್ತೇ ಸುಲಭ. ಕೈಯಲ್ಲಿ ಎಣಿಸಿ ಮನೆಯಲ್ಲಿ ಹಂಚುವವರಿಗೆ ಹನ್ನೆರಡು ಸುಲಭವಾಗಿತ್ತು. ಕೈಯಿಂದ ಎಣಿಸುವುದು ನಿಂತಂತೆಲ್ಲ ಆ ಎಣಿಕೆಯ ಮಾತುಗಳೂ ನಿಲ್ಲುತ್ತವೆ. ನಮ್ಮ ಮಕ್ಕಳಿಗೆ ಪಾವಲಿ ಗೊತ್ತಿಲ್ಲ, ಆಣೆವಾರಿ ಗೊತ್ತಿಲ್ಲ, ಎಲೆಯ ಕವಳಿ ಗೊತ್ತಿಲ್ಲ, ಬೆಳೆಯ ಸೂಡು ಗೊತ್ತಿಲ್ಲ. ಡಜನ್ ಕೂಡ ಆ ಸಾಲಿಗೆ ಸೇರುವ ದಿನ ಬರಬಹುದು. ಎಂಟು ಶತಮಾನದ ಹಿಂದಿನ ಸುಗಂಧವರ್ತಿ ಹನ್ನೆರಡನ್ನು ಕಲ್ಲಿನ ಮೇಲೆ ಬರೆದಿದ್ದರಿಂದ ನಾವು ಇವತ್ತು ಅದರ ಮಾತಾಡುತ್ತಿದ್ದೇವೆ. ಬಳೆಗಾರರ ಎಣಿಕೆ, ಹಣ್ಣಿನವಳ ಗೆಣ್ಣಿನ ಲೆಕ್ಕ, ರಾಮದುರ್ಗ-ಸುರೇಬಾನದ ಕಡೆಯ ನೇಕಾರರ ಮಗ್ಗದ ಲೆಕ್ಕ ಯಾವ ಕಲ್ಲಿನ ಮೇಲೂ ಇಲ್ಲ.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಗಡಿ ನಡೆಸಿದ, ರಾಶಿ ಅಳೆದ, ಮಗ್ಗದ ಮೇಲೆ ಕೂತ, ಬಳೆ ಇಟ್ಟ ಹಿರಿಯರಿದ್ದರೆ ಅವರ ಹತ್ತಿರ ಒಂದು ಸಂಜೆ ಕುಳಿತುಕೊಳ್ಳಿ. ಏನನ್ನು ಎಷ್ಟರ ಕಟ್ಟಾಗಿ ಎಣಿಸುತ್ತಿದ್ದರು, ಆ ಕಟ್ಟಿಗೆ ಏನನ್ನುತ್ತಿದ್ದರು, ಮೊದಲ ಎಣಿಕೆಗೆ ಒಂದು ಅನ್ನುತ್ತಿದ್ದರೋ ಲಾಭ ಅನ್ನುತ್ತಿದ್ದರೋ, ಕೊಸರು ಎಷ್ಟು ಕೊಡುತ್ತಿದ್ದರು, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದಿಡಿ. ಹಾಳೆಯ ಮೇಲೆ ಊರಿನ ಹೆಸರು, ಹೇಳಿದವರ ವಯಸ್ಸು, ಬರೆದ ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ.